ದಾರಿ ಕೇಸು ಮೀಡಿಯೇಶನ್‌ಗೆ ಹೋಗಿ ಮುಗಿದದ್ದು ಹೀಗೆ

ನಮ್ಮದು ದಾರಿಯ ಕೇಸು. ಕೋರ್ಟಿನಲ್ಲಿ ಕೆಲವು ವರ್ಷ ಇತ್ತು, ಕೊನೆಗೆ ಮೀಡಿಯೇಶನ್‌ನಲ್ಲಿ, ಅಂದರೆ ಮಧ್ಯಸ್ಥಿಕೆಯಲ್ಲಿ, ಮುಗಿಯಿತು. ಆ ಕೋಣೆಯೊಳಗೆ ಏನು ನಡೆಯುತ್ತದೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ನನ್ನ ಅಮ್ಮ ಅಷ್ಟು ಹೆದರುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದು ಅನ್ನುವುದು ನಿಯಮ. ಹಾಗಾಗಿ ಎದುರು ಪಾರ್ಟಿಯಾಗಿದ್ದ ದೊಡ್ಡಪ್ಪನ ಮಗನಿಗೂ ದೊಡ್ಡಮ್ಮನಿಗೂ ಇದನ್ನು ಓದಿ ಹೇಳಿದ್ದೇನೆ. ಅವರು ಬೇಡ ಅಂದದ್ದನ್ನು ತೆಗೆದು, ಆಗಬಹುದು ಅಂದ ಮೇಲೆ ಹಾಕುತ್ತಿದ್ದೇನೆ. ಹೆಸರು ಯಾರದ್ದೂ ಇಲ್ಲ.

ಬ್ರಹ್ಮಾವರದ ಹತ್ತಿರ ನಮ್ಮ ಅಜ್ಜನಿಗೆ ಡಿಕ್ಲರೇಶನ್‌ನಲ್ಲಿ, ಅಂದರೆ ಭೂಸುಧಾರಣೆಯಲ್ಲಿ ಗೇಣಿದಾರರಾಗಿ ಅರ್ಜಿ ಕೊಟ್ಟು, ಸಿಕ್ಕಿದ ಜಾಗ. ಅಜ್ಜ ಹೋದ ಮೇಲೆ ದೊಡ್ಡಪ್ಪ ಮತ್ತು ಅಪ್ಪ ಪಾಲು ಮಾಡಿಕೊಂಡರು. ರಸ್ತೆ ಬದಿಯದ್ದು ದೊಡ್ಡಪ್ಪನಿಗೆ, ಹಿಂದಿನದ್ದು ನಮಗೆ. ನಾಗನನ್ನು ಪೂಜಿಸುವ ನಾಗಬನ ನಮ್ಮ ಪಾಲಿನಲ್ಲಿ ಬಂತು. ನಮ್ಮ ಮನೆಗೆ ಹೋಗಬೇಕಾದರೆ ದೊಡ್ಡಪ್ಪನ ತೆಂಗಿನ ತೋಟದ ಅಂಚಿನಲ್ಲೇ ಹೋಗಬೇಕು, ಬೇರೆ ದಾರಿ ಇಲ್ಲ. ಪಾಲುಪಟ್ಟಿಯಲ್ಲಿ 'ಮಾಮೂಲು ದಾರಿ ಮತ್ತು ನೀರಿನ ಹಕ್ಕು ಸಹಿತ' ಅಂತ ಬರೆದಿದೆ. ಎಷ್ಟು ಅಡಿ ಅಗಲ ಅಂತ ಬರೆದಿಲ್ಲ. ನಡೆದು ಹೋಗಲಿಕ್ಕೆ ಮಾತ್ರವಾ, ವಾಹನಕ್ಕೂ ಉಂಟಾ ಅಂತಲೂ ಬರೆದಿಲ್ಲ. ಆಗ ನಮ್ಮ ಮನೆಯಲ್ಲಿ ಯಾರ ಹತ್ತಿರವೂ ವಾಹನ ಇರಲಿಲ್ಲ, ಬರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ. ನಮ್ಮ ಕಡೆ ಹಳೆಯ ಪಾಲುಪಟ್ಟಿ ಇರುವವರು ಒಮ್ಮೆ ತೆಗೆದು ನೋಡಿ, ಇದೇ ಸಾಲು ಇರುವ ಸಾಧ್ಯತೆ ಜಾಸ್ತಿ.

ಅಪ್ಪ ಮತ್ತು ದೊಡ್ಡಪ್ಪ ಇರುವ ತನಕ ರಿಕ್ಷಾ ಅಂಗಳದವರೆಗೆ ಬರುತ್ತಿತ್ತು. ಅವರಿಬ್ಬರೂ ಹೋದ ಮೇಲೆ ದೊಡ್ಡಪ್ಪನ ಮಗ, ನಾನು ಅಣ್ಣ ಅಂತಲೇ ಕರೆಯುವುದು, ದಾರಿಯ ಉದ್ದಕ್ಕೂ ಕೆಂಪು ಕಲ್ಲಿನ ಕಂಪೌಂಡ್ ಕಟ್ಟಿಸಿದ. ನಡೆದು ಹೋಗುವಷ್ಟು ಜಾಗ ಬಿಟ್ಟ. ಅಮ್ಮನಿಗೆ ಮೊಣಕಾಲು ನೋವು. ಒಮ್ಮೆ ರಾತ್ರಿ ಉಸಿರಾಟದ ತೊಂದರೆಯಾಗಿ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕಾದಾಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿಕೊಂಡು ರಸ್ತೆಗೆ ತಂದರು. ಆ ರಾತ್ರಿಯ ಸಿಟ್ಟಿನಲ್ಲೇ ದಾವೆ ಹಾಕಿದ್ದು.

ಅದಕ್ಕೆ ಮೊದಲು ಊರಿನ ಹಿರಿಯರ ಪಂಚಾತಿಕೆಯೂ ಆಗಿತ್ತು. ಹಿರಿಯರ ಬಗ್ಗೆ ನನಗೆ ಗೌರವ ಇದೆ, ಎಷ್ಟೋ ಮನೆಗಳ ಜಗಳ ಅವರಿಂದ ಮುಗಿದಿದೆ. ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಮುಂದೆ ಹೊಯ್ಲು, ಅಂದರೆ ದೂರು, ಕೊಟ್ಟು ತೀರ್ಮಾನ ಮಾಡಿಸಿಕೊಳ್ಳುವ ಪದ್ಧತಿಯೂ ನಮ್ಮ ಕರಾವಳಿಯದ್ದೇ. ಆದರೆ ನಮ್ಮ ಪಂಚಾತಿಕೆ ದೇವಸ್ಥಾನದ ಜಗಲಿಯಲ್ಲಿ ಹತ್ತು ಜನ ನೋಡುತ್ತಿರುವಾಗ ನಡೆಯಿತು. ಅಷ್ಟು ಜನರ ಮುಂದೆ ಯಾರು ತಗ್ಗುತ್ತಾರೆ? ಅಲ್ಲಿ ಕೂತಿದ್ದವರಲ್ಲಿ ಒಬ್ಬರು ಅತ್ತಿಗೆಯ ತವರಿನ ಕಡೆಯವರು, ಇನ್ನೊಬ್ಬರು ನಮ್ಮ ಅಮ್ಮನ ಅಣ್ಣನ ಸ್ನೇಹಿತರು. ಅವರು ಎಷ್ಟೇ ಸರಿಯಾಗಿ ಹೇಳಿದರೂ ಇನ್ನೊಂದು ಕಡೆಯವರಿಗೆ ಅದು ಸರಿ ಅಂತ ಅನ್ನಿಸುವುದು ಸಾಧ್ಯವೇ ಇರಲಿಲ್ಲ.

ಕೋರ್ಟಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅಮ್ಮ, ತಮ್ಮ ಮತ್ತು ನಾನು ವಾದಿಗಳು. ತಡೆಯಾಜ್ಞೆಯ ಅರ್ಜಿ, ಅದಕ್ಕೆ ಆಕ್ಷೇಪಣೆ, ಕೋರ್ಟ್ ಕಮಿಷನರ್ ಬಂದು ಅಳತೆ ಮಾಡಿ ನಕ್ಷೆ ಕೊಟ್ಟದ್ದು, ಮತ್ತೆ ವಾಯಿದೆ, ಮತ್ತೆ ವಾಯಿದೆ. ತಮ್ಮ ಕುವೈತಿನಲ್ಲಿದ್ದಾನೆ. ಹಾಗಾಗಿ ಓಡಾಟವೆಲ್ಲ ನನ್ನದು.

2025ರ ಜುಲೈ 1ರಿಂದ ಸೆಪ್ಟೆಂಬರ್ 30ರವರೆಗೆ ದೇಶದ ಎಲ್ಲಾ ಕೋರ್ಟುಗಳಲ್ಲಿ 'ರಾಷ್ಟ್ರಕ್ಕಾಗಿ ಮಧ್ಯಸ್ಥಿಕೆ' ಅಂತ 90 ದಿನಗಳ ಅಭಿಯಾನ ನಡೆಯಿತು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಮತ್ತು ಸುಪ್ರೀಂ ಕೋರ್ಟಿನ ಮಧ್ಯಸ್ಥಿಕೆ ಸಮಿತಿ ಸೇರಿ ಮಾಡಿದ್ದು. ರಾಜಿಯಾಗಬಹುದಾದ ಹಳೆಯ ಕೇಸುಗಳನ್ನು ಹೆಕ್ಕಿ ಮೀಡಿಯೇಶನ್‌ಗೆ ಕಳಿಸುವುದು ಅದರ ಉದ್ದೇಶ. ನಮ್ಮದೂ ಹಾಗೆ ಹೋಯಿತು. ಅಭಿಯಾನ ಇಲ್ಲದಿದ್ದರೂ ಕಳಿಸಬಹುದಿತ್ತು, ಯಾಕೆಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ 2002ರಿಂದಲೇ ಜಾರಿಯಲ್ಲಿದೆ. ಮೀಡಿಯೇಶನ್‌ಗೆ ಕಳಿಸಲು ನ್ಯಾಯಾಧೀಶರಿಗೆ ನಮ್ಮ ಒಪ್ಪಿಗೆ ಬೇಕಾಗಿಲ್ಲ ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅಲ್ಲಿ ಹೋದ ಮೇಲೆ ರಾಜಿ ಮಾಡಿಕೊಳ್ಳಬೇಕೋ ಬೇಡವೋ ಅನ್ನುವುದು ಪೂರ್ತಿ ನಮ್ಮ ಕೈಯಲ್ಲಿ. ಈ ವ್ಯತ್ಯಾಸ ಗೊತ್ತಿಲ್ಲದೆ ಅಮ್ಮ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. 'ಜಡ್ಜೇ ರಾಜಿಗೆ ಕಳಿಸಿದರು ಅಂದರೆ ನಮ್ಮ ಕೇಸಿನಲ್ಲಿ ಏನೂ ಇಲ್ಲ ಅಂತಲ್ವಾ' ಅಂತ ಕೇಳುತ್ತಲೇ ಇದ್ದರು. ಹಾಗಲ್ಲ. ಕೇಸು ಬಲವಾಗಿದೆಯೋ ಇಲ್ಲವೋ ಅಂತ ನೋಡಿ ಕಳಿಸುವುದಲ್ಲ. ಅಣ್ಣ-ತಮ್ಮಂದಿರು, ಗಂಡ-ಹೆಂಡತಿ, ನೆರೆಮನೆಯವರು, ಹೀಗೆ ಕೇಸು ಮುಗಿದ ಮೇಲೂ ಒಬ್ಬರ ಮುಖ ಒಬ್ಬರು ನೋಡಲೇಬೇಕಾದವರ ಕೇಸುಗಳನ್ನು ಮುಖ್ಯವಾಗಿ ಕಳಿಸುತ್ತಾರೆ.

ಲೋಕ ಅದಾಲತ್ ಇದೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಬೇರೆ. ಲೋಕ ಅದಾಲತ್‌ನಲ್ಲಿ ಒಂದೇ ದಿನ ರಾಶಿ ಕೇಸು ಇರುತ್ತದೆ. ಚೆಕ್ ಬೌನ್ಸ್, ವಾಹನ ಅಪಘಾತದ ಪರಿಹಾರ, ಬ್ಯಾಂಕ್ ಸಾಲ, ಹೀಗೆ ಹಣದ ಲೆಕ್ಕದಲ್ಲಿ ಮುಗಿಯುವಂಥದ್ದಕ್ಕೆ ಅದು ಒಳ್ಳೆಯದು. ಆರ್ಬಿಟ್ರೇಶನ್ ಮತ್ತೂ ಬೇರೆ, ಅಲ್ಲಿ ಕೂತವರು ತೀರ್ಪು ಕೊಡುತ್ತಾರೆ. ಮೀಡಿಯೇಟರ್ ತೀರ್ಪು ಕೊಡುವುದಿಲ್ಲ. ಯಾರದ್ದು ಸರಿ ಯಾರದ್ದು ತಪ್ಪು ಅಂತಲೂ ಹೇಳುವುದಿಲ್ಲ. ಕೋರ್ಟ್ ಕಳಿಸಿದ ಮೀಡಿಯೇಶನ್‌ಗೆ ನಾವು ಫೀಸು ಕೊಡಬೇಕಾಗಿರಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ದುಡ್ಡಿನ ಹೆದರಿಕೆಯಿಂದ ಹಿಂಜರಿಯುವವರು ನಮ್ಮ ಊರಿನಲ್ಲೇ ಇದ್ದಾರೆ.

ಮೊದಲು ನಮಗೆ ಗೊತ್ತು ಮಾಡಿದ ಮೀಡಿಯೇಟರ್ ಒಬ್ಬರು ಹಿರಿಯ ವಕೀಲರು. ಕೂತ ಕೂಡಲೇ ಎರಡೂ ಕಡೆಯ ಹೆಸರು, ಊರು ಕೇಳಿದರು. ಸ್ವಲ್ಪ ಯೋಚನೆ ಮಾಡಿ, 'ನಾನು ತುಂಬಾ ವರ್ಷದ ಹಿಂದೆ ನಿಮ್ಮ ದೊಡ್ಡಪ್ಪನಿಗೆ ಒಂದು ಕಾಗದ ಬರೆದುಕೊಟ್ಟಿದ್ದೇನೆ. ಈ ಕೇಸಿಗೆ ಅದರ ಸಂಬಂಧ ಇಲ್ಲ. ಆದರೂ ನಿಮಗೆ ಮುಂದೆ ಯಾವತ್ತಾದರೂ ಸಂಶಯ ಬರಬಹುದು, ನಾನು ಕೂರುವುದು ಸರಿಯಲ್ಲ' ಅಂದರು. ನಾವು ಪರವಾಗಿಲ್ಲ ಸರ್ ಅಂದೆವು. ಅವರು ಕೇಳಲಿಲ್ಲ, ಬೇರೆಯವರಿಗೆ ಬರೆದು ಕಳಿಸಿದರು. ಸ್ವಲ್ಪ ತಡವಾಯಿತು. ಆದರೆ ಅಮ್ಮನಿಗೆ ಈ ವ್ಯವಸ್ಥೆಯ ಮೇಲೆ ನಂಬಿಕೆ ಬಂದದ್ದು ಅವತ್ತೇ. ತಮಗೆ ಸಂಬಂಧ ಇದೆ ಅಂತ ತಾವಾಗಿಯೇ ಹೇಳಿ ಎದ್ದು ಹೋದವರನ್ನು ಊರಿನ ಪಂಚಾತಿಕೆಯಲ್ಲಿ ಅವರು ನೋಡಿರಲಿಲ್ಲ.

ಎರಡನೆಯವರು ಒಬ್ಬ ಮಹಿಳಾ ವಕೀಲರು. ಕೋರ್ಟಿನ ಪಟ್ಟಿಯಲ್ಲಿರುವ ಮೀಡಿಯೇಟರ್‌ಗಳು 40 ಗಂಟೆಗಳ ತರಬೇತಿ ಪಡೆದಿರುತ್ತಾರೆ ಅಂತ ನಮ್ಮ ವಕೀಲರು ಹೇಳಿದ್ದರು. ತರಬೇತಿಯಲ್ಲಿ ಏನು ಕಲಿಸುತ್ತಾರೋ, ಇವರಿಗೆ ಕೇಳಿಸಿಕೊಳ್ಳಲಿಕ್ಕೆ ಚೆನ್ನಾಗಿ ಬರುತ್ತಿತ್ತು. ಕೋಣೆಯಲ್ಲಿ ಒಂದು ದುಂಡು ಮೇಜು, ಸುತ್ತ ಕುರ್ಚಿ. ಎತ್ತರದ ಪೀಠ ಇಲ್ಲ, ಕಟಕಟೆ ಇಲ್ಲ. ಮೊದಲಿಗೆ ಅವರು ನಿಯಮ ಹೇಳಿದರು. ನಾನು ಯಾರ ಪರವೂ ಅಲ್ಲ. ಇಲ್ಲಿ ಆಡಿದ ಮಾತನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸುವ ಹಾಗಿಲ್ಲ, ನನ್ನನ್ನು ಸಾಕ್ಷಿಗೆ ಕರೆಯುವ ಹಾಗೂ ಇಲ್ಲ. ರಾಜಿ ಆಗದಿದ್ದರೆ 'ಆಗಲಿಲ್ಲ' ಅಂತ ಮಾತ್ರ ಕೋರ್ಟಿಗೆ ಬರೆಯುತ್ತೇನೆ, ಯಾರಿಂದ ಆಗಲಿಲ್ಲ, ಯಾಕೆ ಆಗಲಿಲ್ಲ ಅಂತ ಬರೆಯುವುದಿಲ್ಲ. ನಿಮ್ಮ ಕೇಸು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಧ್ಯೆ ಬಾಯಿ ಹಾಕಬಾರದು, ಹೇಳಲಿಕ್ಕಿರುವುದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಹೀಗೆ ಹೇಳಿ ಎಲ್ಲರಿಗೂ ಒಂದೊಂದು ಬಿಳಿ ಹಾಳೆ, ಪೆನ್ನು ಕೊಟ್ಟರು.

ಮೊದಲು ನಮ್ಮ ಕಡೆ. ನಮ್ಮ ವಕೀಲರು ಶುರು ಮಾಡಿದರು, ದಾವೆಯ ಕಲಂ, ಈಸ್‌ಮೆಂಟ್ ಕಾಯ್ದೆ (ಇನ್ನೊಬ್ಬರ ಜಾಗದಲ್ಲಿ ದಾರಿಯಂಥ ಹಕ್ಕಿನ ಕಾಯ್ದೆ) ಅಂತ. ಮೀಡಿಯೇಟರ್ ಮರ್ಯಾದೆಯಿಂದಲೇ ತಡೆದು, 'ಸರ್, ದಾವೆ ನಾನು ಓದಿದ್ದೇನೆ, ಅಮ್ಮ ಮಾತಾಡಲಿ' ಅಂದರು. ಅಮ್ಮನ ಕಡೆ ತಿರುಗಿ ತುಳುವಿನಲ್ಲಿ, 'ಈರ್ ಪನ್ಲೆ ಅಮ್ಮಾ' (ನೀವು ಹೇಳಿ ಅಮ್ಮಾ) ಅಂದರು. ಕೋರ್ಟಿನ ಆವರಣದಲ್ಲಿ ಅಮ್ಮನ ಬಾಯಿಂದ ಮಾತು ಬಂದದ್ದು ಅದೇ ಮೊದಲು. ಕುರ್ಚಿಯಲ್ಲಿ ಎತ್ತಿಕೊಂಡು ಹೋದ ರಾತ್ರಿಯ ಕಥೆ ಹೇಳಿದರು. ದಾವೆಯಲ್ಲಿ ಅದು ಒಂದೇ ಸಾಲು ಇತ್ತು, 'ವೈದ್ಯಕೀಯ ತುರ್ತು ಸಂದರ್ಭದಲ್ಲಿ ತೀವ್ರ ತೊಂದರೆಯಾಗಿರುತ್ತದೆ' ಅಂತ. ಅಣ್ಣನಿಗೆ ಆ ರಾತ್ರಿಯ ವಿಷಯ ಪೂರ್ತಿ ಗೊತ್ತಿರಲಿಲ್ಲ. ಅವನು ಹೊಸನಗರದ ಕಡೆ ಮದುವೆಗೆ ಹೋಗಿದ್ದ. ಅವನ ಮುಖ ನೋಡಿಯೇ ನನಗದು ಗೊತ್ತಾದದ್ದು.

ಆಮೇಲೆ ಅಣ್ಣ. ಅವನು ಕಂಪೌಂಡಿನ ಮಾತೇ ಎತ್ತಲಿಲ್ಲ, ನೀರಿನ ಮಾತು ಎತ್ತಿದ. ನಾವು ಮನೆ ರಿಪೇರಿ ಮಾಡಿಸುವಾಗ ಅಂಗಳಕ್ಕೆ ಮಣ್ಣು ತುಂಬಿಸಿ ಇಂಟರ್‌ಲಾಕ್ ಹಾಕಿಸಿದ್ದೆವು. ಅದಕ್ಕೆ ಮೊದಲು ಅಂಗಳದ ನೀರು ಅಲ್ಲೇ ಇಂಗುತ್ತಿತ್ತು, ಉಳಿದದ್ದು ಹಿಂದಿನ ತೋಡಿಗೆ (ಸಣ್ಣ ಹಳ್ಳಕ್ಕೆ) ಹೋಗುತ್ತಿತ್ತು. ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಅದರಲ್ಲೂ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲೇ. ಇಂಟರ್‌ಲಾಕ್ ಹಾಕಿದ ಮೇಲೆ ಅಷ್ಟೂ ನೀರು ದಾರಿ ಹಿಡಿದು ಅವರ ಬಾವಿಕಟ್ಟೆಯವರೆಗೆ ಹೋಗುತ್ತಿತ್ತಂತೆ. ಮೀಡಿಯೇಟರ್ ಕಮಿಷನರ್ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಅಣ್ಣನ ಕೈಗೆ ಪೆನ್ಸಿಲ್ ಕೊಟ್ಟರು. ಅವನು ನಮ್ಮ ಅಂಗಳದ ಮೂಲೆಯಿಂದ ಗೆರೆ ಎಳೆಯುತ್ತಾ ಬಂದ. ಇಲ್ಲಿ ಹಲಸಿನ ಮರ, ಇಲ್ಲಿ ತಿರುಗುತ್ತದೆ, ಇಲ್ಲಿ ಅಡಿಕೆ ಒಣಗಿಸುವ ಜಾಗ, ಇಲ್ಲಿ ಬಾವಿ. ಬಾವಿಯ ಹತ್ತಿರ ಪೆನ್ಸಿಲ್ ನಿಲ್ಲಿಸಿ, 'ಎರಡು ಮಳೆಗಾಲ ಅಮ್ಮ ಕೆಂಪು ನೀರು ಕುದಿಸಿ ಕುಡಿದಿದ್ದಾರೆ' ಅಂದ. ಅವನ ಪ್ರಕಾರ ಕಂಪೌಂಡ್ ದಾರಿ ತಡೆಯಲಿಕ್ಕೆ ಕಟ್ಟಿದ್ದಲ್ಲ, ನೀರು ತಡೆಯಲಿಕ್ಕೆ ಕಟ್ಟಿದ್ದು. ಇದು ಅವನ ಜವಾಬು ಪತ್ರದಲ್ಲಿ ಎಲ್ಲೂ ಇರಲಿಲ್ಲ. ದಾರಿಯ ದಾವೆಗೆ ನೀರಿನ ಉತ್ತರ ಕೊಟ್ಟರೆ ಕೇಸು ಸಡಿಲವಾಗುತ್ತದೆ ಅಂತ ಅವನ ವಕೀಲರು ಬಿಟ್ಟಿದ್ದರಂತೆ. ವಕೀಲರ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ಆದರೆ ಅಷ್ಟು ವರ್ಷ ನಾವು ಯಾವುದಕ್ಕೆ ಜಗಳ ಮಾಡುತ್ತಿದ್ದೇವೆ ಅನ್ನುವುದೇ ಎರಡು ಮನೆಗೂ ಗೊತ್ತಿರಲಿಲ್ಲ ಅಂತಾಯಿತು.

ಅವನಿಗೆ ಇನ್ನೊಂದು ಹೆದರಿಕೆಯೂ ಇತ್ತು. ದಾರಿ ಅಗಲ ಮಾಡಿಕೊಟ್ಟರೆ ನಾಳೆ ಪಂಚಾಯತ್‌ನಿಂದ ಕಾಂಕ್ರೀಟ್ ಹಾಕಿಸುತ್ತಾರೆ, ಪಂಚಾಯತ್ ದುಡ್ಡು ಬಿದ್ದ ಮೇಲೆ ಅದು ಸಾರ್ವಜನಿಕ ರಸ್ತೆ ಆಗುತ್ತದೆ, ಹಿಂದಿನ ಜಾಗದವರೆಲ್ಲ ಅದರಲ್ಲೇ ಲಾರಿ ತರುತ್ತಾರೆ. ಈ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ, ನಮ್ಮ ಕಡೆ ಎಷ್ಟೋ ದಾರಿ ಹೀಗೇ ರಸ್ತೆಯಾಗಿವೆ.

ದೊಡ್ಡಮ್ಮ ಅಷ್ಟು ಹೊತ್ತೂ ಸುಮ್ಮನಿದ್ದರು. ಎಂಬತ್ತು ದಾಟಿದೆ ಅವರಿಗೆ. 'ನಿಮಗೇನಾದರೂ ಹೇಳಲಿಕ್ಕೆ ಉಂಟಾ' ಅಂತ ಕೇಳಿದಾಗ ದಾರಿಯ ಬಗ್ಗೆಯೂ ಹೇಳಲಿಲ್ಲ, ನೀರಿನ ಬಗ್ಗೆಯೂ ಹೇಳಲಿಲ್ಲ. ನಾಗಬನಕ್ಕೆ ನಾವು ಬೇಲಿ ಹಾಕಿ ಗೇಟ್ ಇಟ್ಟಿದ್ದೆವು, ನಾಯಿ ದನ ನುಗ್ಗುತ್ತವೆ ಅಂತ. ಗೇಟಿಗೆ ಬೀಗ. 'ನಾನು ಆ ಮನೆಗೆ ಮದುವೆಯಾಗಿ ಬಂದ ವರ್ಷದಿಂದ ನಾಗನಿಗೆ ತನು (ಹಾಲು, ಎಳನೀರು) ಹಾಕಿದವಳು. ಈಗ ಬೀಗದ ಕೈಗೆ ಯಾರ ಹತ್ತಿರ ಕೈ ಚಾಚಬೇಕು?' ಅಂದರು. ಅಮ್ಮ ಕೂಡಲೇ, 'ಅಕ್ಕ, ಬೀಗದ ಕೈ ಅಡಿಗೆ ಮನೆಯ ಮೊಳೆಯಲ್ಲೇ ಇತ್ತಲ್ಲ, ಕೇಳಿದ್ದರೆ ಕೊಡುತ್ತಿರಲಿಲ್ವಾ' ಅಂದರು. 'ಕೇಳುವುದು ಯಾಕೆ?' ಅಂತ ದೊಡ್ಡಮ್ಮ. ನನಗೆ ಅಳು ಬಂತು. ಮೀಡಿಯೇಟರ್ ಸಮಾಧಾನವನ್ನೂ ಹೇಳಲಿಲ್ಲ, ಯಾರನ್ನೂ ಗದರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತಮ್ಮ ಹಾಳೆಯಲ್ಲಿ ದಾರಿ, ನೀರು, ಪಂಚಾಯತ್, ನಾಗಬನ ಅಂತ ನಾಲ್ಕು ಪದ ಬರೆದರು. ಎರಡೂ ಕಡೆಯ ವಕೀಲರಿಗೆ ತೋರಿಸಿ, 'ಇದರಲ್ಲಿ ಕೋರ್ಟಿನ ಮುಂದೆ ಇರುವುದು ಒಂದೇ ಅಲ್ವಾ?' ಅಂದರು. ಹೌದು ಅಂತ ಇಬ್ಬರೂ ಒಪ್ಪಿದರು.

ಮೀಡಿಯೇಶನ್ ಅಂದರೆ ಇಬ್ಬರ ಬೇಡಿಕೆಯನ್ನು ಅರ್ಧಕ್ಕೆ ಕತ್ತರಿಸಿ ಕೊಡುವುದು ಅಂತ ನಾನೂ ಅಂದುಕೊಂಡಿದ್ದೆ, ಈಗಲೂ ತುಂಬಾ ಜನ ಹಾಗೇ ತಿಳಿದಿದ್ದಾರೆ. ನಮ್ಮಲ್ಲಿ ಹಾಗೆ ಮಾಡಿದ್ದರೆ ಹತ್ತು ಅಡಿ ಕೇಳಿದವರಿಗೆ ಐದು ಅಡಿ ಸಿಗುತ್ತಿತ್ತು. ಆಂಬುಲೆನ್ಸೂ ಬರುತ್ತಿರಲಿಲ್ಲ, ಬಾವಿಗೆ ಕೆಂಪು ನೀರು ಹೋಗುವುದೂ ನಿಲ್ಲುತ್ತಿರಲಿಲ್ಲ, ದೊಡ್ಡಮ್ಮ ಬನಕ್ಕೂ ಬರುತ್ತಿರಲಿಲ್ಲ. ಕೋರ್ಟಿನಲ್ಲಿ ನಾವು ಕೇಳಿದ್ದಕ್ಕೆ ಮಾತ್ರ ಉತ್ತರ. ಇಲ್ಲಿ ಕೇಳಲಿಕ್ಕೆ ಬಾಯಿ ಬಾರದ್ದನ್ನೂ ಮೇಜಿನ ಮೇಲೆ ಇಡಬಹುದು. ನಮ್ಮಂಥ ಮನೆಗಳಿಗೆ ಬೇಕಾದದ್ದು ಇದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಆಮೇಲೆ ಎರಡೂ ಕಡೆಯವರನ್ನು ಬೇರೆ ಬೇರೆಯಾಗಿ ಕೂರಿಸಿ ಮಾತಾಡಿದರು. ಅಲ್ಲಿ ನಾವು ಹೇಳಿದ್ದನ್ನು ನಮ್ಮ ಒಪ್ಪಿಗೆ ಇಲ್ಲದೆ ಆ ಕಡೆಯವರಿಗೂ ಹೇಳುವುದಿಲ್ಲ. ಅಣ್ಣನ ಹತ್ತಿರ ಏನು ಮಾತಾಡಿದರು ನನಗೆ ಗೊತ್ತಿಲ್ಲ, ಕೇಳಿಯೂ ಇಲ್ಲ. ನಮ್ಮ ಹತ್ತಿರ ಕೇಳಿದ್ದು ಹೇಳುತ್ತೇನೆ. ತಮ್ಮನನ್ನು ವೀಡಿಯೋ ಕಾಲ್‌ನಲ್ಲಿ ಸೇರಿಸಿಕೊಂಡರು. 'ಕೇಸು ಗೆದ್ದರೆ ನಿಮಗೆ ಏನು ಸಿಗುತ್ತದೆ?' ಅಂತ ಮೊದಲು ಕೇಳಿದರು. ದಾರಿ ಸಿಗುತ್ತದೆ ಅಂದೆವು. 'ಯಾವ ದಾರಿ?' ಅಂದರು. ಅಲ್ಲಿಗೆ ನಮ್ಮ ವಕೀಲರು ಬಾಯಿ ಬಿಟ್ಟು ವಿವರಿಸಬೇಕಾಯಿತು. 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ 20 ವರ್ಷ ಅಡೆತಡೆ ಇಲ್ಲದೆ, ಹಕ್ಕು ಅಂತಲೇ ಬಳಸಿಕೊಂಡು ಬಂದ ದಾರಿಗೆ ಹಕ್ಕು ಬರುತ್ತದೆ. ಆದರೆ ಹೇಗೆ ಬಳಸುತ್ತಿದ್ದೆವೋ ಅಷ್ಟಕ್ಕೇ. ನಡೆದು ಹೋಗುತ್ತಿದ್ದ ದಾರಿಗೆ ನಡೆದು ಹೋಗುವ ಹಕ್ಕು. ರಿಕ್ಷಾ 20 ವರ್ಷದಿಂದ ಬರುತ್ತಿತ್ತು ಅಂತ ನಾವು ಸಾಕ್ಷಿ ಕೊಟ್ಟು ತೋರಿಸಬೇಕು. ಸಾಕ್ಷಿ ಹೇಳಬೇಕಾದವರು ಇದೇ ಊರಿನವರು, ಅವರಿಗೂ ಎರಡು ಮನೆಯಲ್ಲೂ ಊಟ ಮಾಡಿದ ಋಣ ಇದೆ. ಗೆದ್ದರೂ ಅಣ್ಣ ಅಪೀಲು ಹೋಗಬಹುದು, ಅದರ ಮೇಲೆ ಹೈಕೋರ್ಟಿಗೆ ಎರಡನೇ ಅಪೀಲು. 'ಅಮ್ಮನ ಮೊಣಕಾಲಿಗೆ ದಾರಿ ಯಾವಾಗ ಬೇಕು?' ಅಂತ ಮೀಡಿಯೇಟರ್ ಕೇಳಿದಾಗ ತಮ್ಮ ಕುವೈತಿನಿಂದಲೇ, 'ಈ ಮಳೆಗಾಲಕ್ಕೆ' ಅಂದ. ಅದಕ್ಕೆ ಮೊದಲು ಅತಿ ಹೆಚ್ಚು ಹಟ ಹಿಡಿದಿದ್ದವನು ಅವನೇ.

ಹೀಗೇ ಮಾಡಿ ಅಂತ ಅವರು ಒಂದು ಸಲವೂ ಹೇಳಲಿಲ್ಲ. ಸಲಹೆ ಕೊಡಿ ಮೇಡಂ ಅಂತ ಅಮ್ಮ ಕೇಳಿಕೊಂಡರೂ, 'ಆ ಜಾಗದಲ್ಲಿ ಇರುವವರು ನೀವು, ನಾನು ಒಂದು ದಿನವೂ ಅಲ್ಲಿ ಇರಲಿಕ್ಕಿಲ್ಲ' ಅಂದರು. ಆದರೆ ನಾವು ಏನಾದರೂ ಹೇಳಿದರೆ, ಅದು ಆಗಬೇಕಾದರೆ ಏನೇನು ಬೇಕು ಅಂತ ಬಿಡಿಸಿ ಬಿಡಿಸಿ ಕೇಳುತ್ತಿದ್ದರು. ಯಾರ ಖರ್ಚು, ಯಾವ ತಾರೀಕು, ಮರ ಬಿದ್ದರೆ ಯಾರದ್ದು.

ಮುಂದಿನ ಸಲ ಕೂರುವುದರೊಳಗೆ ನಾಗರ ಪಂಚಮಿ ಬಂತು, ಜುಲೈ 29ಕ್ಕೆ. ಒಪ್ಪಂದ ಆಗಿರಲಿಲ್ಲ, ಯಾರೂ ಯಾರಿಗೂ ಮಾತು ಕೊಟ್ಟಿರಲಿಲ್ಲ. ಹಿಂದಿನ ದಿನ ಅಮ್ಮ ಬೀಗ ತೆಗೆದು ಗೇಟಿಗೆ ಬರೀ ಚಿಲಕ ಹಾಕಿ ಬಂದರು. ಬೆಳಗ್ಗೆ ದೊಡ್ಡಮ್ಮ ಮೊಮ್ಮಗಳ ಕೈ ಹಿಡಿದುಕೊಂಡು ಬಂದರು, ತಂಬಿಗೆಯಲ್ಲಿ ಹಾಲು, ಎಳನೀರು, ಕೇದಗೆ. ಅಮ್ಮನ ಹತ್ತಿರ ಜಾಸ್ತಿ ಮಾತಾಡಲಿಲ್ಲ. ಹೋಗುವಾಗ ಅರಸಿನ ಎಲೆಯ ಕಡುಬು ತೆಗೆದುಕೊಂಡು ಹೋದರು. ಮರುವಾರ ಕೋಣೆಯಲ್ಲಿ ಕೂತಾಗ ಮಾತಿನ ಧಾಟಿಯೇ ಬೇರೆ ಇತ್ತು. ಆಗಲೂ ಜಗಳ ಆಗಲಿಲ್ಲ ಅಂತಲ್ಲ. ಒಂದು ತೆಂಗಿನ ಮರಕ್ಕೆ ಅರ್ಧ ದಿನ ಹೋಯಿತು. ಒಂದು ಹಂತದಲ್ಲಿ ಅಣ್ಣ ಎದ್ದು ಹೊರಗೆ ಹೋದ. ಮೀಡಿಯೇಟರ್ ಅವನನ್ನು ತಡೆಯಲಿಲ್ಲ, ಚಾ ತರಿಸಿದರು, ಸ್ವಲ್ಪ ಹೊತ್ತಿನ ಮೇಲೆ ಅವನೇ ಬಂದು ಕೂತ.

ಕೊನೆಗೆ ಆದ ಒಪ್ಪಂದ ಕೋರ್ಟಿನ ದಾಖಲೆಯಲ್ಲಿದೆ, ಹಾಗಾಗಿ ಬರೆಯಲು ಅಡ್ಡಿಯಿಲ್ಲ. ದಾರಿ ಒಂಬತ್ತು ಅಡಿ ಅಗಲ, ರಸ್ತೆಯಿಂದ ನಮ್ಮ ಗೇಟಿನವರೆಗೆ. ಜಾಗದ ಮಾಲಕತ್ವ ಅಣ್ಣನದ್ದೇ, ನಮಗೆ ನಡೆದು ಮತ್ತು ವಾಹನದಲ್ಲಿ ಹೋಗಿ ಬರುವ ಹಕ್ಕು ಮಾತ್ರ. ಕಂಪೌಂಡ್ ಸರಿಸಿ ಕಟ್ಟುವ ಖರ್ಚು ನಮ್ಮದು. ದಾರಿಯಲ್ಲಿ ಯಾರೂ ವಾಹನ ನಿಲ್ಲಿಸುವಂತಿಲ್ಲ, ಗೇಟ್ ಹಾಕಿ ಬೀಗ ಹಾಕುವಂತಿಲ್ಲ. ನಮ್ಮ ಅಂಗಳದ ನೀರನ್ನು ನಮ್ಮ ಜಾಗದಲ್ಲೇ ಪೈಪು ಹಾಕಿ ಹಿಂದಿನ ತೋಡಿಗೆ ಬಿಡಬೇಕು, ನವೆಂಬರ್ 30ರೊಳಗೆ. ಇಬ್ಬರೂ ಲಿಖಿತವಾಗಿ ಒಪ್ಪದೆ ದಾರಿಗೆ ಪಂಚಾಯತ್ ಅನುದಾನ ಕೇಳುವಂತಿಲ್ಲ. ನಾಗಬನಕ್ಕೆ ದೊಡ್ಡಪ್ಪನ ಮನೆಯವರು ಯಾವಾಗ ಬೇಕಾದರೂ ಬರಬಹುದು, ಅವರ ಕಡೆಯಿಂದಲೇ ಒಂದು ಚಿಕ್ಕ ಗೇಟ್, ಬೀಗ ಇಲ್ಲ. ವರ್ಷದ ತಂಬಿಲದ (ನಾಗನ ಪೂಜೆಯ) ಖರ್ಚು ಸಮಪಾಲು. ಇದೆಲ್ಲ ನಮ್ಮ ವಾರಸುದಾರರಿಗೂ, ನಾಳೆ ಜಾಗ ಕೊಂಡುಕೊಳ್ಳುವವರಿಗೂ ಅನ್ವಯ.

ಬರೆಯುವ ಹಂತದಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಎಲ್ಲರಿಗೂ ಮನೆಗೆ ಹೋಗುವ ಆತುರ ಇರುತ್ತದೆ, 'ಒಪ್ಪಿಗೆ ಆಯ್ತಲ್ಲ, ಬರೆದರಾಯ್ತು' ಅನ್ನಿಸುತ್ತದೆ. ವಕೀಲರು ನಿಜವಾಗಿ ಬೇಕಾಗುವುದು ಅಲ್ಲೇ. ನಮ್ಮ ವಕೀಲರು ಪಾಲುಪಟ್ಟಿಯ ಹಳೆಯ ಸಾಲನ್ನು ತೋರಿಸಿ, ಇಂಥ ಸಾಲು ಇನ್ನೊಮ್ಮೆ ಬರಬಾರದು ಅಂತ ಪ್ರತಿಯೊಂದಕ್ಕೂ ಅಳತೆ ಹಾಕಿಸಿದರು. ಸರ್ವೆ ನಂಬರ್, ಯಾವ ಕಲ್ಲಿನಿಂದ ಯಾವ ಕಲ್ಲಿಗೆ, ನಕ್ಷೆಯಲ್ಲಿ ಬಣ್ಣದ ಗುರುತು, ನಕ್ಷೆಗೂ ಎಲ್ಲರ ಸಹಿ. ಇನ್ನೊಂದು ವಿಷಯ. ದಾವೆಯ ಷೆಡ್ಯೂಲಿನಲ್ಲಿ (ದಾವೆಗೆ ಸೇರಿದ ಜಾಗದ ಪಟ್ಟಿಯಲ್ಲಿ) ಇರುವ ಜಾಗಕ್ಕೆ ಸಂಬಂಧಿಸಿದ ರಾಜಿ ಡಿಕ್ರಿಯನ್ನು, ಅಂದರೆ ರಾಜಿಯ ಪ್ರಕಾರ ಕೋರ್ಟ್ ಕೊಡುವ ತೀರ್ಮಾನದ ಆದೇಶವನ್ನು, ನೋಂದಣಿ ಮಾಡಿಸಬೇಕಾಗಿಲ್ಲ, ಹೊರಗಿನ ಜಾಗ ಸೇರಿಸಿದರೆ ನೋಂದಣಿಯ ಪ್ರಶ್ನೆ ಬರುತ್ತದೆ. ನಮ್ಮ ಪುಣ್ಯಕ್ಕೆ ಬನ ಮತ್ತು ಅಂಗಳ ಎರಡೂ ಷೆಡ್ಯೂಲಿನೊಳಗೇ ಇದ್ದವು. ನಿಮ್ಮ ರಾಜಿಯಲ್ಲಿ ಬೇರೆ ಜಾಗ ಸೇರುತ್ತಿದ್ದರೆ ವಕೀಲರ ಹತ್ತಿರ ಇದನ್ನು ಮೊದಲೇ ಕೇಳಿ.

ಒಪ್ಪಂದ ಓದಿ ಹೇಳಿ, ಅಮ್ಮನಿಗೂ ದೊಡ್ಡಮ್ಮನಿಗೂ ತುಳುವಿನಲ್ಲಿ ವಿವರಿಸಿ, ಸಹಿ ಮಾಡಿಸಿ ಕೋರ್ಟಿಗೆ ಕಳಿಸಿದರು. ನ್ಯಾಯಾಧೀಶರು ಎಲ್ಲರನ್ನೂ ಹತ್ತಿರ ಕರೆದು, ಒತ್ತಾಯ ಇಲ್ಲದೆ ಒಪ್ಪಿದ್ದೀರಾ ಅಂತ ಒಬ್ಬೊಬ್ಬರನ್ನೇ ಕೇಳಿದರು. ಆಮೇಲೆ ಅದರ ಪ್ರಕಾರ ಡಿಕ್ರಿ. ಒಪ್ಪಿಗೆಯಿಂದ ಆದ ಡಿಕ್ರಿಯ ಮೇಲೆ ಅಪೀಲು ಇಲ್ಲ, ಹಾಗಾಗಿ ಅಲ್ಲಿಗೆ ಕೇಸು ನಿಜವಾಗಿ ಮುಗಿಯುತ್ತದೆ. ಒಪ್ಪಂದ ಮುರಿದರೆ ಹೊಸ ದಾವೆ ಬೇಡ, ಈ ಡಿಕ್ರಿಯನ್ನೇ ಅಮಲು ಮಾಡಿಸಬಹುದು. ಕಟ್ಟಿದ ಕೋರ್ಟ್ ಫೀಸ್ ವಾಪಸ್ ಕೊಡಿ ಅಂತಲೂ ಅರ್ಜಿ ಹಾಕಿದ್ದೇವೆ. ಇದನ್ನು ತುಂಬಾ ಜನ ಕೇಳುವುದೇ ಇಲ್ಲ. ಡಿಕ್ರಿಯ ಸರ್ಟಿಫೈಡ್ ಕಾಪಿ ತೆಗೆದು ಎರಡು ಮನೆಯಲ್ಲೂ ಇಟ್ಟಿದ್ದೇವೆ.

ಎಲ್ಲಾ ಕೇಸೂ ಹೀಗೆ ಮುಗಿಯುತ್ತದೆ ಅಂತ ನಾನು ಹೇಳುವುದಿಲ್ಲ. ಒಂದು ಕಡೆಯವರಿಗೆ ಇನ್ನೊಂದು ಕಡೆಯವರನ್ನು ಕಂಡರೆ ಪ್ರಾಣಭಯ ಇದ್ದರೆ, ಅಥವಾ ಸುಳ್ಳು ಸಹಿ, ಮೋಸದ ಕಾಗದ ಇದ್ದರೆ ಕೋರ್ಟೇ ತೀರ್ಮಾನ ಮಾಡಬೇಕು. ಅಂಥವರನ್ನು ದುಂಡು ಮೇಜಿಗೆ ಕೂರಿಸಿ ಹೊಂದಾಣಿಕೆ ಮಾಡಿಕೊಳ್ಳಿ ಅನ್ನುವುದು ಅನ್ಯಾಯ. ಇನ್ನು, ದಾವೆ ಹಾಕದೆಯೂ ಮೀಡಿಯೇಶನ್ ಕೇಳಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಒಂದು ಅರ್ಜಿ ಕೊಟ್ಟರೆ ಎದುರು ಕಡೆಯವರಿಗೆ ನೋಟಿಸ್ ಕಳಿಸಿ ಕರೆಸುತ್ತಾರೆ. ಉಡುಪಿಯಲ್ಲೂ ಮಂಗಳೂರಿನಲ್ಲೂ ಈ ಕಚೇರಿ ಇದೆ. ವಕೀಲರ ಫೀಸು ಕೊಡಲಾಗದ ಹೆಂಗಸರಿಗೆ ಇನ್ನೊಂದು ಮಾತು: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ನನ್ನ ಅಮ್ಮನಂಥವರಿಗೆ ಇದನ್ನು ಯಾರೂ ಹೇಳುವುದಿಲ್ಲ, ನೀವು ಹೇಳಿ.

ಪೈಪಿನ ಕೆಲಸ ಮಳೆ ಬಿಟ್ಟ ಮೇಲೆ ಮಾಡಿಸಿದೆವು. ಅಗೆಯುವಾಗ ಅಣ್ಣ ಬಂದು ನಿಂತು ಇಳಿಜಾರು ಸಾಲದು ಅಂತ ಹೇಳಿ ಇನ್ನೂ ಅರ್ಧ ಅಡಿ ಆಳ ಮಾಡಿಸಿದ. ಅತ್ತಿಗೆ ಇನ್ನೂ ನನ್ನ ಹತ್ತಿರ ಮಾತಾಡುವುದಿಲ್ಲ. ಕಂಪೌಂಡ್ ಸರಿಸಿ ಕಟ್ಟಿ ಆಗಿದೆ, ಬಾವಿ ಕಡೆಯ ಮೂಲೆಯಲ್ಲಿ ಮಾತ್ರ ಸ್ವಲ್ಪ ಬಾಕಿ. ಕಲ್ಲು ಬಂದ ಮೇಲೆ ಅದೂ ಮುಗಿಯುತ್ತದೆ.